ಮ್ಯಾಲಿನ ಖೋಲಿಯ ಪತ್ರಾ ಹುಡುಗಿ

ನಮ್ಮ ಓಣಿಗೆ ನಲ್ಲಿ ನೀರು ಒಂದು ದಿನ ಬಿಟ್ಟು ಒಂದು ದಿನ ಬರುತ್ತದೆ. ಭಾನಗಡಿ, ಅಂದರೆ ಇಲ್ಲದ ರಗಳೆ, ಮಾತ್ರ ದಿನಾ ಬರುತ್ತದೆ. ನಾನೇನು ಅದನ್ನು ಕರೆಯಲು ಹೋಗುವುದಿಲ್ಲ. ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಮೆಂತ್ಯೆ ಸೊಪ್ಪು ಸೋಸುತ್ತ ಕೂತಿರುತ್ತೇನೆ, ಅದೇ ಬಂದು ಉಡಿಯಲ್ಲಿ ಬೀಳುತ್ತದೆ.

ನಾನು ಓದಿದ್ದು ನಾಲ್ಕನೇ ಇಯತ್ತೆ. ಮದುವೆಯಾಗಿ ಪುಣೆಗೆ ಬಂದೆ. ಯಜಮಾನರಿಗೆ ಕ್ಯಾಂಪಿನ ಅರಿವೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವ ಕೆಲಸ. ದಿನವೆಲ್ಲ ಸೀರೆ ಬಿಚ್ಚಿ ಬಿಚ್ಚಿ ಮನೆಗೆ ಬಂದ ಮೇಲೆ ಬಾಯಿ ಬಿಚ್ಚುತ್ತಿರಲಿಲ್ಲ. ಆ ಕೊರತೆಯನ್ನು ನಾನು ತುಂಬಿಕೊಂಡು ಬಂದೆ. ಅವರು ಹೋದ ಮೇಲೆ ಹಡಪಸರದ ಈ ಮನೆಯ ಮ್ಯಾಲಿನ ಖೋಲಿಯನ್ನು ಬಾಡಿಗೆಗೆ ಕೊಡುತ್ತಿದ್ದೇನೆ. ಎರಡು ವರ್ಷದಿಂದ ಅಲ್ಲಿರುವವಳು ಬಾಗಲಕೋಟೆ ಕಡೆಯ ಒಬ್ಬ ಎಂಜಿನಿಯರ್ ಹುಡುಗಿ. ಪತ್ರಾದ ಸಾಮಾನುಗಳನ್ನು ವರ್ಕಶಾಪಿನವರು ಮಾಡುವ ಮುಂಚೆ ಕಂಪ್ಯೂಟರಿನಲ್ಲಿ ಮಾಡಿ ನೋಡುವುದು ಅವಳ ನೌಕರಿ. ಪತ್ರಾ ಅಂದರೆ ತಗಡು. ಇದನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮೈಸೂರು ಕಡೆಯವರಿಗೆ ಮೊದಲೇ ಹೇಳಿಟ್ಟರೆ ಒಳ್ಳೆಯದು. ನಾನು ಹೇಳದೆ ಇದ್ದಾಗ ಏನಾಯಿತೆಂದು ಈಗ ನೋಡುವಿರಂತೆ.

ಅದಕ್ಕಿಂತ ಮೊದಲು ಹುಡುಗಿಯ ಸಂಕಟ ಹೇಳಿಬಿಡುತ್ತೇನೆ. ಅವಳಿಗೆ ಆಗಲೇ ಎರಡು ವರ ಬಂದು ಹೋಗಿದ್ದವು. ಮೊದಲನೆಯವನು ನೌಕರಿ ಬಿಡು ಅಂದ. ಹುಡುಗಿ ಅವನನ್ನೇ ಬಿಟ್ಟಳು. ಎರಡನೆಯವರು ಚಹಾದ ತನಕ ಚೆನ್ನಾಗಿಯೇ ಇದ್ದರು. ಹುಡುಗಿ ಎಡಚಿ. ಮರೆತು ಎಡಗೈಯಿಂದ ಕಪ್ಪು ಮುಂದೆ ಹಿಡಿದಳು. ವರನ ಅಜ್ಜಿ ಕಪ್ಪು ಮುಟ್ಟಲಿಲ್ಲ, ಹಾಗೇ ಎದ್ದು ಹೋದರು. ತಂದೆ ಇಲ್ಲದ ಹುಡುಗಿ; ಅವಳ ತಾಯಿ ಫೋನಿನಲ್ಲಿ ನನಗೇ ಹೇಳಿಬಿಟ್ಟಳು: "ಮೂರನೇದೂ ಮುರೀತಂದ್ರ ನೌಕರಿ ಬಿಡಿಸಿ ಊರಿಗೆ ಕರಕೊಂಡು ಬರ್ತೀನಿ. ಆಯಿ, ನೀವಾದ್ರೂ ಆಕಿ ಮ್ಯಾಲೆ ಒಂದು ಕಣ್ಣಿಡ್ರಿ."

ನನ್ನ ಎರಡೂ ಕಣ್ಣು ಆಗಲೇ ಅಲ್ಲಿದ್ದವು.

೧. ದಪ್ಪ ಪತ್ರ

ನಮ್ಮ ಎದುರುಮನೆಯಲ್ಲಿ ಮೈಸೂರು ಕಡೆಯ ಅಮ್ಮ ಒಬ್ಬರಿದ್ದಾರೆ. ಮಗ, ಸೊಸೆ ಇಬ್ಬರೂ ಐಟಿಯಲ್ಲಿ. ಇವರು ದಿನವೆಲ್ಲ ಗ್ಯಾಲರಿಯಲ್ಲಿ. ಒಂದು ದಿನ ನಮ್ಮ ಹುಡುಗಿ ಮೆಟ್ಟಿಲ ಮೇಲೆ ನಿಂತು ತಾಯಿಯ ಜೊತೆ ಫೋನಿನಲ್ಲಿ ಗೋಳಾಡುತ್ತಿದ್ದಳು: "ಏನು ಮಾಡ್ಲಿ ಅವ್ವಾ, ಎರಡು ಮಿಲಿಮೀಟರ್ ದಪ್ಪಂದು ಪತ್ರಾ ಕಳಿಸಿದ್ದೆ. ಮಡಚೂ ಮುಂದ ಮೂಲ್ಯಾಗ ಹರದದ. ಹಂಗ ವಾಪಸ್ ಕಳಿಸ್ಯಾರ. ಎಲ್ಲಾರ ಮುಂದ ನನ್ನ ಮರ್ಯಾದಿ ಹೋತು."

ಅರ್ಧ ಗಂಟೆಯಲ್ಲಿ ಎದುರಿನ ಅಮ್ಮ ನನ್ನ ಕುರ್ಚಿಯ ಪಕ್ಕಕ್ಕೆ ಬಂದರು. ಸಕ್ಕರೆ ಕೇಳುವ ಬಟ್ಟಲು ಕೈಯಲ್ಲಿತ್ತು, ಆದರೆ ಸಕ್ಕರೆ ಕೇಳಲಿಲ್ಲ.

"ಅಜ್ಜಿ, ನಿಮ್ಮ ಮೇಲಿನ ಮನೆ ಹುಡುಗಿ ಯಾರಿಗೋ ಪತ್ರ ಕೊಟ್ಟಿದ್ದಾಳೆ ಕಣ್ರೀ. ಅವನು ಹರಿದು ವಾಪಸ್ ಕಳಿಸಿದ್ದಾನೆ. ಪಾಪ, ತಾಯಿ ಹತ್ತಿರ ಹೇಳ್ಕೊಂಡು ಅಳ್ತಾ ಇದ್ಲು."

ಅದು ತಗಡು ಎಂದು ನನಗೆ ತಕ್ಷಣ ತಿಳಿಯಿತು. ಆದರೆ ಅಷ್ಟು ಚಂದದ ಸುದ್ದಿಯನ್ನು ನಿಂತ ಕಾಲ ಮೇಲೆ ಕೊಲ್ಲಲು ನನಗೆ ಮನಸ್ಸಾಗಲಿಲ್ಲ. "ಹೌದೇನ್ರಿ! ಎಷ್ಟು ದೊಡ್ಡ ಪತ್ರ ಅಂತ?" ಎಂದು ಕೇಳಿದೆ.

"ಎರಡು ಮಿಲಿಮೀಟರ್ ದಪ್ಪ ಇತ್ತಂತೆ! ನಾನೇ ಕಿವಿಯಾರೆ ಕೇಳಿದೆ. ಅಷ್ಟು ದಪ್ಪ ಬರೆಯೋಕೆ ಏನಿರತ್ತೆ ಅಜ್ಜಿ?"

"ಈಗಿನ ಹುಡುಗ್ಯಾರು, ಮನಸಿನಾಗ ಭಾಳ ಇರ್ತದ್ರಿ."

ಅವರಿಗೆ ಆ ಸಂಜೆ ತಡೆಯಲಾಗಲಿಲ್ಲ. ಹುಡುಗಿ ಕೆಳಗೆ ಬಂದಾಗ ಕೈ ಹಿಡಿದುಕೊಂಡು ಸಮಾಧಾನ ಹೇಳಿದರು: "ಮನಸ್ಸಿಗೆ ಹಚ್ಚಿಕೋಬೇಡಮ್ಮ. ನನಗೆಲ್ಲಾ ಗೊತ್ತಾಯ್ತು, ಆ ಪತ್ರದ ವಿಷಯ. ಮುಂದಿನ ಸಲ ಇಷ್ಟು ದಪ್ಪ ಬೇಡ. ತೆಳ್ಳಗಿರಲಿ."

ಹುಡುಗಿಗೆ ಆಶ್ಚರ್ಯ. ಇಷ್ಟು ವಯಸ್ಸಾದವರು ತನ್ನ ಕೆಲಸವನ್ನು ಇಷ್ಟು ಅರ್ಥ ಮಾಡಿಕೊಂಡರಲ್ಲ ಎಂದು ಮುಖ ಅರಳಿತು. "ಹೌದ್ರಿ ಅಮ್ಮಾರ, ನಮ್ಮ ಸಾಹೇಬ್ರೂ ಅದನ್ನೇ ಹೇಳಿದ್ರು. ತೆಳ್ಳಂದು ಹಾಕು, ಇನ್ನೊಮ್ಮೆ ಕಳಿಸೋಣು ಅಂದ್ರು."

ಎದುರಿನ ಅಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡರು. "ಸಾಹೇಬರಿಗೂ ಗೊತ್ತಾ!"

"ಗೊತ್ತೇನ್ರಿ, ಅವರ ಸಹಿ ಇಲ್ದ ನಮ್ಮ ಪತ್ರಾ ಹೊರಗ ಹೋಗೂದೇ ಇಲ್ಲ."

೨. ನಡುವಿನ ಗೆರೆ

ಇಷ್ಟಾದ ಮೇಲೆ, ಈ ತಗಡಿನಲ್ಲಿ ಅಂಥಾದ್ದೇನಿದೆ ಎಂದು ನನಗೇ ಕುತೂಹಲ ಹತ್ತಿತು. ವಾರದಲ್ಲಿ ಎರಡು ದಿನ ಹುಡುಗಿ ಮನೆಯಲ್ಲೇ ಕೂತು ಕೆಲಸ ಮಾಡುತ್ತಾಳೆ. ಬಿಸಿ ಜೋಳದ ರೊಟ್ಟಿ ಕೊಡುವ ನೆವ ಮಾಡಿಕೊಂಡು ಮೇಲೆ ಹತ್ತಿದೆ. ಮೊಣಕಾಲು ಬೇಡ ಅನ್ನುತ್ತಿತ್ತು. ಕಿವಿ ಹತ್ತು ಅನ್ನುತ್ತಿತ್ತು.

ಪರದೆಯ ಮೇಲೆ ಬೂದಿ ಬಣ್ಣದ ಡಬ್ಬಿ ಒಂದು ನಿಂತಿತ್ತು. ಹುಡುಗಿ ಎಡಗೈಯಲ್ಲಿ ಮೌಸ್ ಸರಿಸಿದಂತೆಲ್ಲ ಡಬ್ಬಿ ಹಿಂದೆ ಮುಂದೆ ತಿರುಗಿ ಎಲ್ಲಾ ಮಗ್ಗುಲೂ ತೋರಿಸುತ್ತಿತ್ತು, ಹೆಣ್ಣು ನೋಡಲು ಬಂದವರ ಮುಂದೆ ತಿರುಗಿ ತೋರಿಸಿದ ಹಾಗೆ. ಒಮ್ಮೆ ಟಪ್ಪೆಂದು ಒತ್ತಿದಳು. ಪೇಢೆಯ ಬಾಕ್ಸ್ ಬಿಚ್ಚಿದ ಹಾಗೆ ಡಬ್ಬಿಯ ನಾಲ್ಕೂ ಗೋಡೆ ಬಿಚ್ಚಿಕೊಂಡು ನೆಲಕ್ಕೆ ಹಾಸಿಕೊಂಡವು.

"ಅಯ್ಯ, ಯಾಕವಾ ಕೆಡಿಸಿದಿ?"

"ಕೆಡಿಸಿಲ್ಲ ಆಯಿ. ವರ್ಕಶಾಪಿನಾಗ ಪತ್ರಾ ಹಿಂಗ ಸಪಾಟ ಇರ್ತದಲ್ಲ. ಎಷ್ಟು ಕತ್ತರಿಸಬೇಕು ಅಂತ ಇದು ಹೇಳ್ತದ. ಆಮ್ಯಾಲೆ ಅವರು ಮಡಚ್ತಾರ."

"ಅಷ್ಟಕ್ಕ ಇಷ್ಟು ದೊಡ್ಡ ಯಂತ್ರ ಯಾಕ? ಈ ಬದಿ ಇಷ್ಟು, ಆ ಬದಿ ಇಷ್ಟು, ಕೂಡಿಸಿದ್ರ ಆತು."

"ಹಂಗ ಕೂಡಿಸಿದ್ರ ಡಬ್ಬಿ ದೊಡ್ಡದಾಗ್ತದ ಆಯಿ. ಮಡಚಿದಲ್ಲಿ ಪತ್ರಾ ಹಿಗ್ಗತದ. ಅದನ್ನ ಲೆಕ್ಕದಾಗ ಹಿಡೀಬೇಕು."

ನಾನು ಒಪ್ಪಲಿಲ್ಲ. ಕಬ್ಬಿಣ ಎಲ್ಲಾದರೂ ಹಿಗ್ಗುತ್ತದೆಯೇ? ಆಗ ಅವಳು ನಾನು ಒಯ್ದಿದ್ದ ರೊಟ್ಟಿಯನ್ನೇ ಎತ್ತಿ ಮೆಲ್ಲಗೆ ಮಡಚಿದಳು. ಅವತ್ತು ಸ್ವಲ್ಪ ದಪ್ಪಗೆ ಬಡಿದಿದ್ದೆ. ಮಡಚಿದಲ್ಲಿ ಹೊರಮೈ ಸೀಳು ಬಿಟ್ಟಿತು. ಒಳಮೈ ಸುಕ್ಕುಗಟ್ಟಿತು.

"ನೋಡ್ರಿ, ಹೊರಗ ಹಿಗ್ಗಿ ಹರೀತು. ಒಳಗ ಕುಗ್ಗಿ ಮುದ್ದಿ ಆತು. ಪತ್ರಾನೂ ಹಿಂಗ. ಆದ್ರ ಇವೆರಡರ ನಡುವ ಒಂದು ಗೆರಿ ಇರ್ತದ. ಎಷ್ಟು ಮಡಚಿದ್ರೂ ಅದು ಹಿಗ್ಗೂದಿಲ್ಲ, ಕುಗ್ಗೂದಿಲ್ಲ. ಆ ಗೆರಿ ಎಲ್ಲದ ಅಂತ ಹುಡುಕಬೇಕು. ಅದು ಸಿಕ್ಕರ ಲೆಕ್ಕ ಸಿಕ್ಕಂಗ."

ನಾನು ರೊಟ್ಟಿಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದೆ. ಐವತ್ತು ವರ್ಷ ರೊಟ್ಟಿ ಬಡಿದಿದ್ದೇನೆ, ಒಮ್ಮೆಯೂ ಅದರ ನಡುವನ್ನು ನೋಡಿರಲಿಲ್ಲ.

"ಇದನ್ನ ಹುಡುಕಲಿಕ್ಕೆ ಕಂಪ್ಯೂಟರ್ ಬೇಕೇನವಾ?" ಅಂದೆ. "ನಮ್ಮ ಮನ್ಯಾಗ ಹೊರಗ ನಾ ಹರೀತಿದ್ದೆ, ಒಳಗ ನಮ್ಮತ್ತಿ ಮುದುಡತಿದ್ದಳು. ನಡುವ ಯಜಮಾನರು ಪೇಪರ್ ಓದಕೋತ ಕೂಡ್ತಿದ್ರು. ಹಿಗ್ಗಲಿಲ್ಲ, ಕುಗ್ಗಲಿಲ್ಲ. ಹಂಗ ಹೋಗಿಬಿಟ್ರು."

೩. ರೊಟ್ಟಿ ಡಬ್ಬಿ

ಹತ್ತಿರ ಹೋದದ್ದಕ್ಕೆ ಆಸೆಯೂ ಹುಟ್ಟಿತು. ಪುಣೆಯಲ್ಲಿ ಸಿಗುವ ಡಬ್ಬಿಗಳೆಲ್ಲ ಚಪಾತಿಯ ಅಳತೆಯವು. ನಮ್ಮ ಜೋಳದ ರೊಟ್ಟಿ ಅದರಲ್ಲಿ ಕೂಡಬೇಕೆಂದರೆ ಮುರಿದು ಹಾಕಬೇಕು. "ನನಗೊಂದು ಡಬ್ಬಿ ಮಾಡಿಸಿ ಕೊಡವಾ" ಅಂದೆ. ಹುಡುಗಿ ಖುಷಿಯಿಂದ ಒಪ್ಪಿದಳು. ಪರದೆಯ ಮೇಲೆ ಚೌಕನೆಯ ಡಬ್ಬಿ ಮಾಡಿದಳು. ನಾನು ಪಕ್ಕದಲ್ಲಿ ಕೂತು, ಅಂಚು ಕೈಗೆ ಕೊಯ್ಯಬಾರದು ಅಂದೆ, ಸೀರೆಗೆ ಅಂಚು ಮಡಚಿ ಹೊಲಿದ ಹಾಗೆ ಪತ್ರಾದ ಅಂಚು ಮಡಚಿದಳು. ಮುಚ್ಚಳಕ್ಕೆ ಹಿಡಿಕೆ ಬೇಕು ಅಂದೆ, ಹಿಡಿಕೆ ಬಂತು. ಗೌಡಶಾನಿಯ ಹಾಗೆ ಹುಕುಂ ಮಾಡಿದೆ, ನನ್ನ ಹುಕುಮಿನಂತೆ ಕಬ್ಬಿಣ ಬಗ್ಗಿತು. ಜನ್ಮದಲ್ಲಿ ಮೊದಲ ಸಲ.

ಅವಳ ವರ್ಕಶಾಪಿನಲ್ಲಿ ಒಬ್ಬ ಮಿಸ್ತ್ರಿ ಇದ್ದಾನೆ, ಮರಾಠಿ ಮನುಷ್ಯ, ಪತ್ರಾ ಮಡಚುವ ಯಂತ್ರದ ಮುಂದೆ ಕೂದಲು ಬೆಳ್ಳಗೆ ಮಾಡಿಕೊಂಡವನು. ಕೆಲಸ ಬಲ್ಲವ. ಒಂದೇ ದೋಷ: ನಕಾಶೆಯಲ್ಲಿ ಮೇಲಕ್ಕೆ ಮಡಚು ಎಂದಿದ್ದರೆ ಅಪರೂಪಕ್ಕೊಮ್ಮೆ ಹಾಳೆಯನ್ನು ಮಗ್ಗುಲು ಬದಲಿಸಿ ಇಟ್ಟುಕೊಂಡು ಮಡಚಿಬಿಡುತ್ತಾನೆ. ಆಗ ಮೇಲಿನದು ಕೆಳಗೆ, ಎಡದ್ದು ಬಲಕ್ಕೆ.

ಡಬ್ಬಿ ಬಂತು. ನೋಡಿದರೆ ಬೆಳ್ಳಿಯಂತೆ ಹೊಳೆಯುತ್ತಿತ್ತು. ಇಪ್ಪತ್ತು ರೊಟ್ಟಿ ಹಾಕಿದೆ, ಒಂದೂ ಮುರಿಯಲಿಲ್ಲ. ಮುಚ್ಚಳ ಹಾಕಿದೆ, ಗಪ್ಪನೆ ಕೂತಿತು. ತೆಗೆಯಲು ಹೋದೆ, ಹಿಡಿಕೆ ಇಲ್ಲ. ಹುಡುಗಿ ಬಂದು ತಲೆಯ ಮೇಲೆ ಕೈ ಇಟ್ಟುಕೊಂಡಳು. ಮಿಸ್ತ್ರಿ ಹಿಡಿಕೆ ಮಡಚುವಾಗ ಮುಚ್ಚಳದ ಹಾಳೆಯನ್ನು ಮಗುಚಿ ಇಟ್ಟಿದ್ದ. ಹಿಡಿಕೆ ಒಳಗಡೆಗೆ ಕೂತಿತ್ತು.

ಮಿಸ್ತ್ರಿಗೆ ನಾನೇ ಫೋನು ಹಚ್ಚಿದೆ. ಅವನು ಮರಾಠಿಯಲ್ಲಿ ತಪ್ಪೇ ಒಪ್ಪಲಿಲ್ಲ. ಹಿಡಿಕೆ ಕೇಳಿದ್ದಿರಿ, ಹಿಡಿಕೆ ಇದೆ, ಎಲ್ಲೂ ಹೋಗಿಲ್ಲವಲ್ಲ ಅಂದ.

"ಇದೆಯಪ್ಪಾ," ಎಂದು ನಾನೂ ಅವನ ಭಾಷೆಯಲ್ಲೇ ಹೇಳಿದೆ, "ಆದರೆ ಈ ಡಬ್ಬಿಯ ಬಾಗಿಲು ತೆಗೆಯಬೇಕಾದರೆ ಒಳಗಿನ ರೊಟ್ಟಿಗಳೇ ಮನಸ್ಸು ಮಾಡಬೇಕು."

೪. ತಾಯಿ ಮಕ್ಕಳು

ಇದರಲ್ಲಿ ತಪ್ಪು ನನ್ನದು. ಮುಚ್ಚಿಡುವುದಿಲ್ಲ.

ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ದಮ್ಮು ತೆಗೆದುಕೊಳ್ಳಲು ನಿಂತಿದ್ದೆ. ದಮ್ಮು ಯಾವಾಗಲೂ ಅವಳ ಬಾಗಿಲ ಹತ್ತಿರವೇ ಬೇಕಾಗುತ್ತದೆ. ಒಳಗೆ ಹುಡುಗಿ ಆಫೀಸಿನ ಗೆಳತಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. "ಪೇರೆಂಟ್ ತಗದು ಒಗದುಬಿಡ್ತೀನಿ. ಭಾಳ ತ್ರಾಸ ಕೊಡ್ಲಿಕ್ಕತ್ತದ. ಹಳೇ ಸಂಬಂಧ ಎಲ್ಲಾ ಮುರದದ, ಇನ್ನ ಎಷ್ಟಂತ ಸಂಬಾಳಿಸ್ಲಿ? ಮಕ್ಕಳೂ ಹೋಗ್ತಾವಂದ್ರ ಹೋಗ್ಲಿ!"

ಪೇರೆಂಟ್ ಅಂದರೆ ತಂದೆ ತಾಯಿ, ಅಷ್ಟು ಇಂಗ್ಲಿಷ್ ನನಗೂ ಬರುತ್ತದೆ. ಓಣಿಯ ಸಾಲೆಯಲ್ಲಿ ತಿಂಗಳಿಗೊಮ್ಮೆ ಪೇರೆಂಟ್ ಮೀಟಿಂಗ್ ಆಗುತ್ತದಲ್ಲ. ಆದರೆ ಮಕ್ಕಳು? ಮದುವೆಯಾಗದ ಹುಡುಗಿಗೆ ಮಕ್ಕಳೆಲ್ಲಿಂದ ಬಂದವು? ನನ್ನ ಕಾಲಿನ ನೋವು ಎಲ್ಲಿ ಹೋಯಿತೋ, ಎರಡೆರಡು ಮೆಟ್ಟಿಲು ಇಳಿದು ಬಂದು ಬಾಗಲಕೋಟೆಗೆ ಫೋನು ಹಚ್ಚಿದೆ.

"ನಾ ಏನೂ ಹೇಳೂದಿಲ್ಲವಾ," ಎಂದು ಅವಳ ತಾಯಿಗೆ ಶುರು ಮಾಡಿ, ಇಪ್ಪತ್ತು ನಿಮಿಷ ಹೇಳಿದೆ.

ಮರುದಿನ ಬೆಳಿಗ್ಗೆ ತಾಯಿ ಸ್ವಾರಗೇಟಿನಲ್ಲಿ ಬಸ್ಸಿಳಿದು, ರಿಕ್ಷಾದವನ ಜೊತೆ ಜಗಳಾಡಿ, ಅದೇ ಸಿಟ್ಟಿನಲ್ಲಿ ನಮ್ಮ ಮೆಟ್ಟಿಲು ಹತ್ತಿದಳು. "ಯಾವಾಕೀನ ತಗದು ಒಗೀತೀ? ಒಗಿ ನೋಡೂಣು! ಎಲ್ಲವ ಮಕ್ಕಳು? ತೋರಸು!"

ಹುಡುಗಿ ಕೈಯಲ್ಲಿ ಹಲ್ಲುಜ್ಜುವ ಬ್ರಷ್ ಹಿಡಿದು ನಿಂತಿದ್ದಳು. ಬ್ರಷ್ ಹಾಗೇ ಹಿಡಿದುಕೊಂಡು ಕಂಪ್ಯೂಟರ್ ತೆಗೆದು ತೋರಿಸಿದಳು. ಮೊದಲು ಮಾಡಿದ ಹಾಳೆಗೆ ಪೇರೆಂಟ್ ಎಂದು ಹೆಸರಂತೆ. ಅದರ ಆಧಾರದ ಮೇಲೆ ಮಾಡಿದ ಮಡಿಕೆ, ತೂತು, ಅಂಚು ಎಲ್ಲವೂ ಅದರ ಮಕ್ಕಳಂತೆ, ಅವುಗಳ ನಡುವಿನ ಕೊಂಡಿಯೇ ಸಂಬಂಧವಂತೆ. ಮೊದಲಿನದನ್ನು ತೆಗೆದಳು. ಪಟಪಟನೆ ಎಲ್ಲವೂ ಕೆಂಪಾಗಿ ಬೊಬ್ಬೆ ಹೊಡೆದವು.

ತಾಯಿ ಮುಖ ಪರದೆಗೆ ತಾಗಿಸಿ ನೋಡಿದಳು. "ಇನ್ನೊಮ್ಮೆ ತಗಿ" ಅಂದಳು. ಇನ್ನೊಮ್ಮೆ ತೆಗೆದಳು. ಇನ್ನೊಮ್ಮೆ ಕೆಂಪಾದವು. ತಾಯಿಯ ಸಿಟ್ಟು ಇಳಿಯಿತು. ಕಣ್ಣಲ್ಲಿ ನೀರು ತಂದುಕೊಂಡು ಹೇಳಿದಳು:

"ತಾಯಿ ಇಲ್ಲಂದ್ರ ಒಂದು ತೂತು ಸುದ್ದಾ ನಿಲ್ಲೂದಿಲ್ಲ. ಈ ಯಂತ್ರಕ್ಕ ಗೊತ್ತದ. ನಿನಗ ಗೊತ್ತಿಲ್ಲ!"

೫. ದಾವಾ

ಬಂದದ್ದು ಬಂದಾಯಿತು, ಬಸ್ಸಿನ ಟಿಕೇಟು ದಂಡವಾಗುವುದು ಬೇಡ ಎಂದು ತಾಯಿ ಅಲ್ಲಿಯೇ ಕೂತು ಮೂರನೆಯ ವರನ ಕಡೆಯವರಿಗೆ ಫೋನು ಮಾಡಿದಳು. ರಾಯಚೂರು ಕಡೆಯ ಹುಡುಗ. ಪುಣೆಗೇ ವರ್ಗವಾಗಿ ಬರುವವನು. ಹುಡುಗಿಯ ನೌಕರಿಯ ಬಗ್ಗೆ ತಕರಾರು ಇಲ್ಲ, ಬದಲಿಗೆ ಆ ಕೆಲಸ ಹೇಗಿರುತ್ತದೆ ಎಂದು ಫೋನಿನಲ್ಲೇ ನಾಲ್ಕು ಪ್ರಶ್ನೆ ಕೇಳಿದನಂತೆ. ನಮ್ಮ ಹುಡುಗಿಗೆ ಅದು ಹಿಡಿಸಿತ್ತು. ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಅವರು ನೋಡಲು ಬರುವ ಭಾನುವಾರ ಬೆಳಿಗ್ಗೆ ಸೀರೆ ಮೂರು ಸಲ ಬದಲಿಸಿದಳು. ಎಣಿಸಿದವಳು ನಾನು.

ತಾಯಿಗೆ ಒಂದೇ ಚಿಂತೆ, ಎಡಗೈ. "ಚಾ ಬಲಗೈಲೆ ಕೊಡು. ತಟ್ಟಿ ಬಲಗೈಲೆ ಕೊಡು. ನಮಸ್ಕಾರ ಎರಡೂ ಕೈಲೆ ಮಾಡು, ಅದರಾಗೇನು ಗೊತ್ತಾಗೂದಿಲ್ಲ." ನನಗೆ ಬೇರೆಯಾಗಿ ತಾಕೀತು: "ಆಯಿ, ನಿಮ್ಮ ಕಾಲು ಬೀಳ್ತೀನಿ, ಬಾಯಿ ಬಿಡಬ್ಯಾಡ್ರಿ." ನಾನು ಆಣೆ ಮಾಡಿದೆ.

ಹುಡುಗ ಬಂದ, ಜೊತೆಗೆ ಅವನ ಸೋದರಮಾವ. ಮಾವನದು ಕೋರ್ಟಿನಲ್ಲಿ ಕಾರಕೂನನಾಗಿ ನಿವೃತ್ತಿಯಾದ ಜೀವ. ಜನ್ಮವೆಲ್ಲ ಕಟಕಟೆಯ ಪಕ್ಕದಲ್ಲಿ ಕೂತು, ಯಾರು ಬಾಯಿ ತೆಗೆದರೂ ಸುಳ್ಳೇ ಹೇಳುತ್ತಾರೆ ಎಂಬ ಮುಖ ಮಾಡಿಕೊಂಡಿದ್ದರು. ಕಟ್ಟಿಸಿದ ಹಲ್ಲು, ದ ಯಾವುದು ಡ ಯಾವುದು ತಿಳಿಯುವುದಿಲ್ಲ. ಮರಾಠಿ ಬಾರದು, ಉರ್ದು ಚೆನ್ನಾಗಿ ಬರುತ್ತದೆ.

ಮ್ಯಾಲಿನ ಖೋಲಿಯಲ್ಲಿ ಎಲ್ಲರೂ ಕೂತರು. ಹುಡುಗಿ ಚಹಾ ಬಲಗೈಯಿಂದ ಕೊಟ್ಟಳು. ತಟ್ಟೆ ಬಲಗೈಯಿಂದ ಕೊಟ್ಟಳು. ಸ್ವಲ್ಪ ಚೆಲ್ಲಿತು, ಆದರೆ ಬಲಗೈಯಿಂದಲೇ ಚೆಲ್ಲಿತು. ತಾಯಿ ಉಸಿರು ಬಿಟ್ಟಳು.

ಆಗ ಫೋನು ಬಂತು. ವರ್ಕಶಾಪಿನ ಮಿಸ್ತ್ರಿ. ಗಡಿಬಿಡಿಯಲ್ಲಿ ಹುಡುಗಿ ಒತ್ತಬಾರದ್ದನ್ನು ಒತ್ತಿದಳು. ಅವನ ದನಿ ಖೋಲಿಯೆಲ್ಲಾ ಕೇಳತೊಡಗಿತು.

"ಮ್ಯಾಡಮ್, ಡಾವಾ ಚುಕಲಾ! ದೋನ್ಹೀ ಉಜವೇ ಝಾಲೇ!"

"ಅರೇ ದೇವಾ! ಮಗ ದುಸರಾ ಡಾವಾ ಟಾಕಾ. ಆಜಚ ಟಾಕಾ. ಪಾರ್ಟೀ ಥಾಂಬಲೀ ಆಹೇ."

"ಆಣಿ ಜುನಾ ಡಾವಾ?"

"ತೋ ರಾಹೂ ದ್ಯಾ!"

ಮರಾಠಿಯಲ್ಲಿ ಎಡಕ್ಕೆ ಡಾವಾ, ಬಲಕ್ಕೆ ಉಜವಾ. ಯಂತ್ರವೊಂದಕ್ಕೆ ಎಡ ಬಲ ಎರಡು ಬದಿಯ ಪತ್ರಾ ಹೋಗಬೇಕಿತ್ತು. ನಮ್ಮ ಮಿಸ್ತ್ರಿ ತನ್ನ ಚಾಳಿಯಂತೆ ಹಾಳೆ ಮಗುಚಿ ಎರಡನ್ನೂ ಬಲದ್ದೇ ಮಾಡಿಬಿಟ್ಟಿದ್ದ. ಇನ್ನೊಂದು ಎಡದ್ದು ಇವತ್ತೇ ಹಾಕಿ, ಗಿರಾಕಿ ಕಾಯುತ್ತಿದ್ದಾರೆ, ಹಳೆಯದು ಇರಲಿ ಬಿಡಿ ಎಂದು ಹುಡುಗಿ ಹೇಳಿದಳು. ಮಾತು ಅಷ್ಟೇ.

ಆದರೆ ಮಾವನ ಕಿವಿಗೆ ಬಿದ್ದದ್ದು ನಮ್ಮ ದಾವಾ, ಕೋರ್ಟಿನ ದಾವಾ. ದುಸ್ರಾ ದಾವಾ, ಆಜ್, ಪಾರ್ಟಿ, ಜೂನಾ ದಾವಾ. ಉರ್ದು ಬಲ್ಲವರಿಗೆ ಇಷ್ಟು ಸಾಲದೇ? ಚಹಾ ಅರ್ಧಕ್ಕೆ ಬಿಟ್ಟು, ಕೈ ತೊಳೆಯುವ ನೆವದಿಂದ ಗ್ಯಾಲರಿಗೆ ಬಂದರು. ಅಲ್ಲಿ ನಾನಿದ್ದೆ.

"ಅಮ್ಮಾರ, ಹಿರೇರಿದ್ದೀರಿ, ಮುಚ್ಚಿಡಬ್ಯಾಡ್ರಿ," ಎಂದು ಮೆಲ್ಲಗೆ ಕೇಳಿದರು. "ಹುಡುಗೀದು ದಾವಾ ಅದ ಏನು?"

ಆ ಹಲ್ಲು, ನನ್ನ ಈ ಕಿವಿ, ಮೇಲೆ ಪುಣೆಯಲ್ಲಿ ಕಳೆದ ಐವತ್ತು ವರ್ಷ. ನನಗೆ ಕೇಳಿದ್ದು ಡಾವಾ. ಎಡಗೈ ಗೊತ್ತಾಗಿಬಿಟ್ಟಿತು! ಕೋರ್ಟಿನ ಕಣ್ಣು, ತಪ್ಪಿಸಲಾಗುವುದಿಲ್ಲ. ಇನ್ನು ಮುಚ್ಚಿಟ್ಟರೆ ಮತ್ತೂ ಕೆಡುತ್ತದೆ ಎಂದುಕೊಂಡೆ.

"ಅದರಿ," ಅಂದೆ. "ಸುಳ್ಳು ಯಾಕ ಹೇಳ್ಲಿ."

"ಎಷ್ಟು ವರ್ಷ ಆತು?"

"ಹುಟ್ಟಿದಾಗಿಂದ ಅದರಿ."

"ಹುಟ್ಟಿದಾಗಿಂದ! ಅಂದ್ರ ಅಪ್ಪನ ಕಾಲದ್ದು?"

"ಹೌದ್ರಿ, ಅವರಪ್ಪಂದೂ ಇತ್ತು. ಸಾಯೋತನಕಾ ಬಿಡಲಿಲ್ಲ. ಅವರಿಂದನೇ ಈಕಿಗೆ ಬಂತು."

ಮಾವ ಗೋಡೆ ಹಿಡಿದುಕೊಂಡರು. "ತಾಯಿ ಬಿಡಿಸಲಿಲ್ಲೇನು?"

"ಭಾಳ ನೋಡಿದಳ್ರಿ. ಹೊಡದಳು, ಬಡದಳು, ಸಾಲಿ ಮಾಸ್ತರರ ಕಡಿಂದ ಹೇಳಿಸಿದಳು. ಕೇಳಲಿಲ್ಲ. ಕಡೀಕ ಊಟದ್ದೊಂದು ಬಿಟ್ಟಾಳ ನೋಡ್ರಿ."

"ಊಟದ್ದು? ಅಂದ್ರ ಜೀವನಾಂಶ?"

ಆ ಶಬ್ದ ನನಗೆ ಹೊಸದು. ಊಟದಲ್ಲಿರುವ ಯಾವುದೋ ಸತ್ವ ಇರಬೇಕೆಂದು, "ಹೌದ್ರಿ, ಅದು ಪಲ್ಲೆದಾಗ, ಬ್ಯಾಳ್ಯಾಗ ಭಾಳ ಇರ್ತದಲ್ಲ" ಅಂದೆ.

"ಲಗ್ನ ಆದಮ್ಯಾಲೂ ನಡಸ್ತಾಳೇನು?"

"ನಡಸ್ತಾಳ್ರಿ, ಬಿಡೂ ವಯಸ್ಸು ದಾಟಿ ಹೋತು. ಗಂಡನ ಮನಿಯವರು ಸ್ವಲ್ಪ ಹೊಂದಿಕೋಬೇಕು. ಮಕ್ಕಳಿಗೂ ಬಂದ್ರ ಬರ್ತದ, ಹೇಳಲಿಕ್ಕೆ ಬರೂದಿಲ್ಲ."

ಮಾವ ಸೀದಾ ಒಳಗೆ ಹೋದರು. "ಏಳಪಾ ತಮ್ಮಾ, ಹೋಗೋಣು. ಈ ಹುಡುಗೀದು ಹುಟ್ಟಿದಾಗಿಂದ ಅದ. ಅಪ್ಪಂದೂ ಇತ್ತು. ಈ ಅಮ್ಮಾರು ಎಲ್ಲಾ ಒಪ್ಪಿಕೊಂಡಾರ."

ತಾಯಿ ನನ್ನ ಕಡೆ ನೋಡಿದ ನೋಟದಲ್ಲಿ ಒಂದು ಕ್ವಿಂಟಲ್ ಪತ್ರಾ ಕರಗುತ್ತಿತ್ತು. ಹುಡುಗಿ ತಟ್ಟೆ ಎತ್ತಿಡತೊಡಗಿದಳು. ಮೂರನೆಯದೂ ಹೋಯಿತು, ನೌಕರಿಯೂ ಹೋಯಿತು. ತಾಯಿ ಎದ್ದು ಕೈ ಮುಗಿದಳು. "ಹಂಗ ಮಾಡಬ್ಯಾಡ್ರಿ ಅಣ್ಣಾರ. ಇನ್ನ ಮ್ಯಾಲೆ ಎಲ್ಲಾ ಬಲಗೈಲೆ ಮಾಡಸ್ತೀನ್ರಿ."

"ದಾವಾ ಬಲಗೈಲೆ ಹಾಕಿದ್ರೇನು, ಎಡಗೈಲೆ ಹಾಕಿದ್ರೇನ್ರಿ? ಕೋರ್ಟು ಕೋರ್ಟೇ!"

ಹುಡುಗ ಇಷ್ಟು ಹೊತ್ತೂ ಬಾಯಿ ಬಿಟ್ಟಿರಲಿಲ್ಲ. ಇವನೂ ನಮ್ಮ ಯಜಮಾನರ ಪೈಕಿಯೇ ಎಂದು ನಾನು ಕೈಬಿಟ್ಟಿದ್ದೆ. ಅವನು ಏಳಲಿಲ್ಲ. "ಮಾವಾ, ಒಂದು ನಿಮಿಷ ಕೂಡ್ರಿ. ಆಕಿನ್ನೇ ಕೇಳೋಣು," ಅಂದ. ಹುಡುಗಿಯ ಕಡೆ ತಿರುಗಿ, "ಯಾರ ಮ್ಯಾಲೆ ಹಾಕೀರಿ?" ಎಂದು ಕೇಳಿದ. ಸಿಟ್ಟಿನಿಂದ ಅಲ್ಲ, ತಿಳಿದುಕೊಳ್ಳುವ ಆಸೆಯಿಂದ. ನಡುವಿನ ಗೆರೆ ಮಾತಾಡಿದ್ದನ್ನು ನಾನು ಅವತ್ತೇ ನೋಡಿದ್ದು.

"ಏನು ಹಾಕೀನ್ರಿ?"

"ದಾವಾ."

ಹುಡುಗಿ ಅವನ ಮುಖ ನೋಡಿದಳು. ಫೋನು ನೋಡಿದಳು. ಒಮ್ಮೆಲೇ ನಗು ಉಕ್ಕಿ ಬಂದು ಸೆರಗು ಬಾಯಿಗೆ ಹಿಡಿದಳು. ಮಾತಾಡಲಾಗದೆ, ಟೀಪಾಯಿಯ ಮೇಲಿದ್ದ ಕಾಗದ ಎತ್ತಿಕೊಂಡು, ಬಲಗೈಯ ನೆನಪೇ ಇಲ್ಲದೆ ಎಡಗೈಯಿಂದ ಮಡಚಿದಳು. ಒಂದು ಮೂಲೆ ಉದ್ದ, ಒಂದು ಮೂಲೆ ಗಿಡ್ಡ. "ನೋಡ್ರಿ, ಇದು ಎಡದ ಬದಿ. ಮರಾಠಿಯೊಳಗ ಇದಕ್ಕ ಡಾವಾ ಅಂತಾರ." ಬಿಚ್ಚಿ, ಅದೇ ಕಾಗದವನ್ನು ಮಗುಚಿ ಮತ್ತೆ ಮಡಚಿದಳು. "ಇದು ಬಲದ್ದು. ಒಂದೇ ಪತ್ರಾ, ಈ ಮಗ್ಗಲಿಗೆ ಮಡಚಿದ್ರ ಎಡ, ಆ ಮಗ್ಗಲಿಗೆ ಮಡಚಿದ್ರ ಬಲ. ನಮ್ಮ ಮಿಸ್ತ್ರಿ ಎರಡೂ ಬಲದ್ದೇ ಮಾಡ್ಯಾನ."

ಹುಡುಗ ಕಾಗದ ಇಸಿದುಕೊಂಡು ತಾನೂ ಮಡಚಿದ. ಬಿಚ್ಚಿ, ತಿರುಗಿಸಿ, ಮತ್ತೆ ಮಡಚಿದ. ಎರಡು ಸಲವೂ ಬಲದ್ದೇ ಬಂತು. "ನಿಮ್ಮ ಮಿಸ್ತ್ರೀದೇನೂ ತಪ್ಪಿಲ್ಲ ಬಿಡ್ರಿ" ಅಂದ. ಇಬ್ಬರೂ ನಕ್ಕರು. ಮಾವ ನಗಲಿಲ್ಲ, ಆ ಕಾಗದ ಹುಡುಗನ ಜಾತಕವಾಗಿತ್ತು. ಆದರೆ ಅವರ ಲಕ್ಷ್ಯ ಅಲ್ಲಿರಲಿಲ್ಲ. ನನ್ನ ಕಡೆ ಬೆರಳು ಮಾಡಿ ಕೇಳಿದರು: "ಮತ್ತ ಹುಟ್ಟಿದಾಗಿಂದ ಇರೂದು?"

"ಎಡಗೈರಿ," ಅಂದೆ. "ಹುಡುಗಿ ಎಡಚಿ."

"ಅವರಪ್ಪಂದು?"

"ಅವರೂ ಎಡಚರು."

"ಕೋರ್ಟು, ಕಚೇರಿ, ವಕೀಲ, ಏನೂ ಇಲ್ಲ?"

"ಏನೂ ಇಲ್ರಿ."

ಮಾವ ಧೊಪ್ಪನೆ ಕುರ್ಚಿಯಲ್ಲಿ ಕೂತರು. ತಾಯಿಗೆ ಮುಚ್ಚಿ ಮುಚ್ಚಿ ಸಾಕಾಗಿದ್ದ ಸಂಗತಿ ಅವರ ಮುಂದೆ ಬಯಲಾಗಿ ಬಿದ್ದಿತ್ತು. ಅವರ ಮುಖದ ಮೇಲೆ ಹಬ್ಬ. "ಅಯ್ಯ, ಇಷ್ಟೇ ಏನ್ರಿ! ಇಡೀ ಜನ್ಮ ದಾವಾ ನೋಡಿ ನೋಡಿ ಜೀವ ಬ್ಯಾಸತ್ತದ. ದಾವಾ ಇಲ್ಲದ ಮನಿ ಸಿಕ್ಕದಲ್ಲ, ಸಾಕು. ಚಾ ಎಡಗೈಲೆ ಕೊಡ್ಲಿ, ಬೇಕಾದ್ರ ಕಾಲಿಲೆ ಕೊಡ್ಲಿ, ಕುಡೀತೀನಿ. ಹಾಕಮ್ಮಾ ಇನ್ನೊಂದು ಕಪ್ಪು!"

ಹುಡುಗಿ ಎಡಗೈಯಿಂದ ಕೊಟ್ಟಳು. ಒಂದು ತೊಟ್ಟು ಚೆಲ್ಲಲಿಲ್ಲ. ತಾಯಿ ಬಾಗಿಲ ಹಿಂದೆ ನಿಂತು ಕಣ್ಣೊರೆಸಿಕೊಂಡಳು. ನಾನು ತಾಂಬೂಲದ ತಟ್ಟೆ ತರಲು ಎದ್ದೆ.

ಅಷ್ಟರಲ್ಲಿ ಎದುರಿನ ಅಮ್ಮ ಬಂದರು. ಗದ್ದಲ ಕೇಳಿ ಅವರಿಗೆ ಗ್ಯಾಲರಿಯಲ್ಲಿ ನಿಲ್ಲಲಾಗಿರಲಿಲ್ಲ. ಕೈಯಲ್ಲಿ ಅದೇ ಸಕ್ಕರೆ ಬಟ್ಟಲು. ಹುಡುಗನನ್ನು ಮೇಲಿನಿಂದ ಕೆಳಗೆ ನೋಡಿದರು, ಮಡಚಿದ ಕಾಗದ ಅವನ ಕೈಯಲ್ಲಿದ್ದುದನ್ನೂ ನೋಡಿದರು. ಎಲ್ಲಾ ಅರ್ಥವಾದವರ ಹಾಗೆ ತಲೆ ಅಲ್ಲಾಡಿಸಿದರು.

"ಓಹೋ, ನೀವೇನಾ ಅವರು!" ಅಂದರು. "ಅಲ್ಲಪ್ಪಾ, ಎರಡು ಮಿಲಿಮೀಟರ್ ದಪ್ಪದ ಪತ್ರ ಕಳಿಸಿದ್ಲಲ್ಲ ಪಾಪ, ಹರಿದು ವಾಪಸ್ ಕಳಿಸಿಬಿಟ್ರಿ. ಈಗ ಬುದ್ಧಿ ಬಂತಾ?"

ಮಾವ ಕಪ್ಪು ಕೆಳಗಿಟ್ಟು ಮತ್ತೆ ಎದ್ದು ನಿಂತರು.

"ಪತ್ರ? ಅಂದ್ರ ನೋಟೀಸು ಆಗಲೇ ಹೋಗ್ಯಾದೇನು?"